ಶಾಲೆಯಿಂದ ಮಾಹಿತಿ ಸೋರಿದರೆ ‘ತಕರಾರಿಲ್ಲ’ ಪತ್ರಕ್ಕೆ ಸಹಿ ಹಾಕಬೇಡಿ

ವಿಜಯಪುರ ಜಿಲ್ಲೆಯ ಪಾಲಕರು, ಖಾಸಗಿ ಶಾಲೆಗಳಲ್ಲಿ ದುಡಿಯುವ ಶಿಕ್ಷಕರು, ಆಫೀಸ್ ಸಿಬ್ಬಂದಿ ಇದನ್ನು ದಯವಿಟ್ಟು ಪೂರ್ತಿ ಓದಿ. ನನ್ನ ಮಗಳ ಶಾಲೆಯಿಂದ ಮಕ್ಕಳ, ಪಾಲಕರ, ಶಿಕ್ಷಕರ ಮಾಹಿತಿ ಹೊರಗೆ ಹೋಯಿತು. ಅದಕ್ಕಿಂತ ಹೆಚ್ಚು ನನ್ನನ್ನು ಕೆರಳಿಸಿದ್ದು ಆಮೇಲೆ ನಡೆದದ್ದು. ಶಾಲೆಯ ಹೆಸರು ಬರೆಯುತ್ತಿಲ್ಲ. ದೂರು ವಿಚಾರಣೆಯಲ್ಲಿದೆ, ಮೇಲಾಗಿ ಇದು ನಾಳೆ ಯಾವ ಶಾಲೆಯಲ್ಲೂ ಆಗಬಹುದು.

ಶುರುವಾಗಿದ್ದು ಫೋನ್‌ಗಳಿಂದ. ಶುದ್ಧ ನಮ್ಮ ಕಡೆಯ ಮಾತು. “ನಮಸ್ಕಾರ್ರೀ ಅಕ್ಕಾರ, ಸಾಲಿ ಆಫೀಸಿನಿಂದ ಮಾತಾಡಾಕತ್ತೇನಿ. ನಿಮ್ಮ ಹುಡುಗಂದು ಬಸ್ ಫೀ ಎರಡನೇ ಕಂತು ಬಾಕಿ ಐತಿ. ಇವತ್ತ ತುಂಬಿದ್ರ ದಂಡ ಇಲ್ಲ, ಲಿಂಕ್ ಕಳಸ್ತೇನಿ.” ಹುಡುಗನ ಹೆಸರು, ತರಗತಿ, ಡಿವಿಜನ್, ಬಸ್ ನಿಲ್ಲುವ ಜಾಗ, ಬಾಕಿ ಇರುವ ಮೊತ್ತ ಎಲ್ಲವೂ ಸರಿ ಇತ್ತು. ತಿಕೋಟಾ ಕಡೆಯ ಒಂದು ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಗಂಡ ತೋಟದಲ್ಲಿದ್ದಾಗ ಹೆಂಡತಿ 18,500 ರೂಪಾಯಿ ತುಂಬಿಬಿಟ್ಟರು. “ಓದು ಬರಹ ಬಂದ್ರೂ ಮೋಸ ಹೋಗ್ತೀರಲ್ಲ” ಎಂದು ಅವರನ್ನು ಬೈದವರಿದ್ದಾರೆ. ಅದು ತಪ್ಪು. ಶಾಲೆಯ ರಜಿಸ್ಟರಿನಲ್ಲಿ ಮಾತ್ರ ಇರಬೇಕಾದ ಸಂಗತಿಯನ್ನು ಒಬ್ಬ ಸರಿಯಾಗಿ ಹೇಳಿದರೆ ಅವನು ಶಾಲೆಯವನೇ ಎಂದು ನಂಬುವುದು ಸಹಜ. ಹೊಣೆ ಆ ರಜಿಸ್ಟರನ್ನು ಕಾಯಬೇಕಾದವರದು.

ನಮ್ಮ ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ನಮಗೂ ಬಂತು, ನಮಗೂ ಬಂತು ಎಂದು ಪಾಲಕರು ಬರೆಯತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಗುಂಪಿನಲ್ಲಿ ಅಡ್ಮಿನ್ ಬಿಟ್ಟು ಯಾರೂ ಬರೆಯದಂತೆ ಮಾಡಿದರು. ಅದೇ ಶಾಲೆಯಲ್ಲಿ ಕಲಿಸುವ ನನ್ನ ನಾದಿನಿಗೆ ಅದೇ ವಾರ ಒಬ್ಬ ಫೋನ್ ಮಾಡಿ, ನೀವು ಆ್ಯಪ್‌ನಲ್ಲಿ ತೆಗೆದ ಸಾಲದ ಕಂತು ಕಟ್ಟಿಲ್ಲ, ನಿಮ್ಮ ಹೆಡ್‌ಮಾಸ್ತರಿಗೆ ಹೇಳುತ್ತೇನೆ ಎಂದು ಗದರಿಸಿದ. ಆಕೆ ಜೀವನದಲ್ಲಿ ಆ್ಯಪ್ ಸಾಲ ತೆಗೆದವಳಲ್ಲ. ಸಂಬಳಕ್ಕೆಂದು ಶಾಲೆಗೆ ಕೊಟ್ಟ ಪ್ಯಾನ್, ಆಧಾರ್, ಪಾಸ್‌ಬುಕ್ಕಿನ ಪ್ರತಿಗಳನ್ನೇ ಯಾರೋ ಬಳಸಿದ್ದರು.

ಆಮೇಲೆ ಶಾಲೆ ಪಾಲಕರ ಸಭೆ ಕರೆಯಿತು. “ಸಾಫ್ಟ್‌ವೇರ್ ಕಂಪನಿಯವರ ತಪ್ಪೈತ್ರಿ. ಸಾಲಿ ಹೆಸರು ಕೆಡಸಬ್ಯಾಡ್ರಿ, ನಿಮ್ಮ ಮಕ್ಕಳ ಭವಿಷ್ಯನೂ ಇದರಾಗ ಐತಿ” ಎಂದರು ಆಡಳಿತ ಮಂಡಳಿಯವರು. ಕೈಗೆ ಒಂದು ಮುದ್ರಿತ ಪತ್ರ ಕೊಟ್ಟರು. ಮಾಹಿತಿ ಸೋರಿಕೆಯ ಬಗ್ಗೆ ಶಾಲೆಯ ಮೇಲೆ ನಮ್ಮ ಯಾವ ತಕರಾರೂ ಇಲ್ಲ, ಪೊಲೀಸರ ಬಳಿಯಾಗಲಿ ಕೋರ್ಟಿಗಾಗಲಿ ಹೋಗುವುದಿಲ್ಲ, ಇದಕ್ಕೆ ಪ್ರತಿಯಾಗಿ ಬಸ್ ಫೀಯಲ್ಲಿ ರಿಯಾಯಿತಿ ಪಡೆದಿದ್ದೇವೆ ಎಂದು ಅದರಲ್ಲಿತ್ತು. ಬಹಳ ಮಂದಿ ಅಲ್ಲೇ ಸಹಿ ಹಾಕಿದರು. ಆರ್‌ಟಿಇ ಸೀಟಿನ ಮಕ್ಕಳ ತಾಯಂದಿರು ಎಲ್ಲರಿಗಿಂತ ಮೊದಲು ಹಾಕಿದರು, ಸೀಟು ಹೋದೀತೆಂಬ ಅಂಜಿಕೆಯಿಂದ. ನಾನು ಪತ್ರದ ಫೋಟೊ ತೆಗೆದುಕೊಂಡು, ಮನೆಯಲ್ಲಿ ಓದಿ ಹೇಳುತ್ತೇನೆ ಎಂದು ಎದ್ದು ಬಂದೆ. ನಮ್ಮ ಸೋದರಮಾವ ಜಿಲ್ಲಾ ನ್ಯಾಯಾಲಯದಲ್ಲಿ ವಕೀಲರು. ಇಲ್ಲಿ ಬರೆದಿರುವ ಕಾನೂನಿನ ಬಹುಪಾಲು ಅವರು ಕೂರಿಸಿಕೊಂಡು ವಿವರಿಸಿದ್ದು.

ಮೊದಲು ಆ ಪತ್ರದ ಮಾತು. ಕೋರ್ಟಿಗೇ ಹೋಗುವುದಿಲ್ಲ ಎಂದು ಬರೆಸಿಕೊಳ್ಳುವ ಕರಾರು 1872ರ ಕರಾರು ಕಾಯ್ದೆಯ 28ನೇ ಕಲಮಿನ ಪ್ರಕಾರ ಅಷ್ಟರಮಟ್ಟಿಗೆ ಅನೂರ್ಜಿತ. ಅಪರಾಧವನ್ನು ಮುಚ್ಚಿಹಾಕುವ ಒಪ್ಪಂದಕ್ಕೂ ಕಾನೂನಿನ ಬೆಂಬಲವಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 77ಎ ಕಲಮಂತೂ, ಹದಿನೆಂಟು ವರ್ಷದೊಳಗಿನ ಮಗುವಿನ ಮೇಲೆ ಅಥವಾ ಮಹಿಳೆಯ ಮೇಲೆ ನಡೆದ ಅಪರಾಧವನ್ನು ರಾಜಿ ಮಾಡಿ ಮುಗಿಸಲು ಕೋರ್ಟಿಗೂ ಅವಕಾಶ ಕೊಟ್ಟಿಲ್ಲ. ಹೀಗಾಗಿ ಸಹಿ ಹಾಕಿದವರೂ ಪೊಲೀಸ್ ದೂರು ಕೊಡಬಹುದು, ಧೈರ್ಯಗೆಡಬೇಡಿ. ತೊಂದರೆ ಇರುವುದು ಪರಿಹಾರದ ವಿಷಯದಲ್ಲಿ. ರಿಯಾಯಿತಿ ಪಡೆದು ಲೆಕ್ಕ ಚುಕ್ತಾ ಆಯಿತು ಎಂದು ಬರೆದುಕೊಟ್ಟಿದ್ದರೆ, ನಾಳೆ ಎದುರು ವಕೀಲರು ಅದನ್ನೇ ಮುಂದಿಟ್ಟು ವಾದಿಸುತ್ತಾರೆ. ಆದ್ದರಿಂದಲೇ ಸಹಿ ಬೇಡ ಎನ್ನುವುದು. ಆರ್‌ಟಿಇ ತಾಯಂದಿರಿಗೆ ಒಂದು ಮಾತು: ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮು ಹೇಳುತ್ತದೆ. ನೀವು ದೂರು ಕೊಟ್ಟಿರಿ ಎಂಬುದು ಅದಕ್ಕೆ ಕಾರಣವಾಗಲಾರದು.

ಹಣ ಹೋಗಿದ್ದರೆ ಸಭೆಗೂ ಕಾಯಬೇಡಿ, ಶಾಲೆಯ ಉತ್ತರಕ್ಕೂ ಕಾಯಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲೇ ತಡೆಯಲು ಇರುವ ಬೇಗನೆಯ ದಾರಿ ಇದು, ಅದು ಗಂಟೆಗಳ ಲೆಕ್ಕದ ಕೆಲಸ. ದೂರಿನ ಸಂಖ್ಯೆ ಬರೆದುಕೊಂಡು ಸೈಬರ್ ಅಪರಾಧ ನೋಡುವ ನಗರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ತಡೆಹಿಡಿದ ಹಣ ವಾಪಸು ಬರಲು ನ್ಯಾಯಾಲಯದ ಆದೇಶ ಬೇಕಾಗಬಹುದು, ಆಗ ಎಫ್‌ಐಆರ್ ಪ್ರತಿ ಕೈಯಲ್ಲಿರಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನು ಬರಹದಲ್ಲಿ ಅಂಚೆ ಮೂಲಕ ಎಸ್‌ಪಿಯವರಿಗೆ ಕಳಿಸುವ ಹಕ್ಕು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿದೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ದೂರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಮುಗಳನ್ನು, ಬೇರೆಯವರ ಗುರುತು ಬಳಸಿದ್ದಕ್ಕೆ 66ಸಿ, ವೇಷ ಹಾಕಿ ಮೋಸ ಮಾಡಿದ್ದಕ್ಕೆ 66ಡಿ ಎಂದು ಸ್ಪಷ್ಟವಾಗಿ ಬರೆಯಿರಿ. ಎರಡಕ್ಕೂ ಮೂರು ವರ್ಷದವರೆಗೆ ಸಜೆ ಇದೆ. ಕರಾರಿನ ಮೇಲೆ ಸಿಕ್ಕ ಮಾಹಿತಿಯನ್ನು ಒಳಗಿನವರೇ ಮಾರಿಕೊಂಡಿದ್ದಾರೆ ಎಂಬ ಅನುಮಾನವಿದ್ದರೆ 72ಎ ಕಲಮನ್ನೂ ಸೇರಿಸಿ.

ಬ್ಯಾಂಕಿಗೂ ಅಂದೇ ಬರೆದುಕೊಡಿ. ಗ್ರಾಹಕರ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಖಾತೆಯಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಇಲ್ಲ ಎಂದು ಆರ್‌ಬಿಐ 2017ರಲ್ಲೇ ನಿಯಮ ಮಾಡಿದೆ. ನಾವೇ ಲಿಂಕ್ ಒತ್ತಿ ಹಣ ಕಳಿಸಿದ್ದರೆ ಬ್ಯಾಂಕಿನವರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಆದರೂ ಬರೆದುಕೊಡಿ, ಮೂವತ್ತು ದಿನ ಕಳೆದರೂ ಪರಿಹಾರ ಸಿಗದಿದ್ದರೆ ಆರ್‌ಬಿಐ ಲೋಕಪಾಲರ ಬಳಿ ಹೋಗಲು ಆ ಪತ್ರದ ಪ್ರತಿಯೇ ಆಧಾರ.

ಈಗ ಸಿಬ್ಬಂದಿಯ ವಿಷಯ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಶಾಲೆಯವರು ಎಲ್ಲ ತಪ್ಪನ್ನೂ ಆಫೀಸಿನಲ್ಲಿ ಫೀ ಬರೆದುಕೊಳ್ಳುವ ಕ್ಲರ್ಕ್ ಹುಡುಗಿಯ ತಲೆಗೆ ಕಟ್ಟಲು ನೋಡಿದರು. ಸಾಫ್ಟ್‌ವೇರಿಗೆ ಇದ್ದದ್ದು ಒಂದೇ ಪಾಸ್‌ವರ್ಡ್, ಅದನ್ನು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದ್ದರು, ಶಾಲೆಯ ಎಲ್ಲರೂ ಅದನ್ನೇ ಬಳಸುತ್ತಿದ್ದರು. “ಪಾಸ್‌ವರ್ಡಿನ ಸಂಪೂರ್ಣ ಜವಾಬ್ದಾರಿ ನನ್ನದು” ಎಂದು ಅವಳಿಂದ ಹಿಂದಿನ ತಾರೀಖು ಹಾಕಿ ಬರೆಸಿಕೊಳ್ಳಲು ಹೋದಾಗ ನನ್ನ ನಾದಿನಿ ಅಡ್ಡ ನಿಂತಳು. ಸಂಬಳಕ್ಕೆ ದುಡಿಯುವವರೇ, ಇಂಥದ್ದಕ್ಕೆ ಸಹಿ ಹಾಕಬೇಡಿ. ಪಾಸ್‌ವರ್ಡ್ ಯಾರ ಯಾರ ಬಳಿ ಇತ್ತು, ಅದನ್ನು ಬದಲಿಸಲು ನೀವು ಯಾವಾಗ ಕೇಳಿದ್ದಿರಿ ಎಂಬುದನ್ನು ಬರೆದಿಡಿ.

ಸಿಬ್ಬಂದಿಯ ದಾಖಲೆ ಹೊರಬಿದ್ದಿದ್ದರೆ ಕ್ರೆಡಿಟ್ ವರದಿ (ನಿಮ್ಮ ಹೆಸರಿನ ಸಾಲಗಳ ದಾಖಲೆ) ತೆಗೆದು ನೋಡಿ, ಪ್ರತಿ ಕ್ರೆಡಿಟ್ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮದಲ್ಲದ ಸಾಲ ಅದರಲ್ಲಿದ್ದರೆ ಬರಹದಲ್ಲಿ ತಕರಾರು ಹಾಕಿ. ಮೂವತ್ತು ದಿನಗಳಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ಆರ್‌ಬಿಐ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಾದಿನಿಯ ಹೆಸರಿನ ಸಾಲ ಹೀಗೆಯೇ ಅಳಿಸಿತು. ವಸೂಲಿಯವನ ಫೋನ್ ನಿಂತದ್ದೂ ಎಫ್‌ಐಆರ್ ಪ್ರತಿ ಕಳಿಸಿದ ಮೇಲೆಯೇ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಕೇಂದ್ರ ಸರ್ಕಾರದ ‘ಸಂಚಾರ ಸಾಥಿ’ ಜಾಲತಾಣದಲ್ಲಿ ನೋಡಬಹುದು. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ಬೆರಳಚ್ಚಿನಿಂದ ಹಣ ತೆಗೆಯುವ ದಾರಿಯೂ ಮುಚ್ಚುತ್ತದೆ.

ಪರಿಹಾರದ ದಾರಿ ನಮ್ಮ ಕಡೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನ ಪ್ರಕಾರ, ಸೂಕ್ಷ್ಮ ಮಾಹಿತಿಯನ್ನು ಕಾಯಲು ಅಸಡ್ಡೆ ತೋರಿದ ಸಂಸ್ಥೆ ನಷ್ಟ ತುಂಬಿಕೊಡಬೇಕು. ಐದು ಕೋಟಿಯವರೆಗಿನ ದಾವೆಯನ್ನು ಕೇಳುವವರು ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿ. ಬೆಂಗಳೂರಿಗೆ ಅರ್ಜಿ ಹಾಕಬೇಕು. ಪಾಲಕರೂ ಹಾಕಬಹುದು, ಶಿಕ್ಷಕರೂ ಹಾಕಬಹುದು. ಆದರೆ 2011ರ ನಿಯಮಗಳಲ್ಲಿ ಸೂಕ್ಷ್ಮ ಮಾಹಿತಿ ಎಂದರೆ ಪಾಸ್‌ವರ್ಡ್, ಬ್ಯಾಂಕ್ ಖಾತೆಯಂಥ ಹಣಕಾಸಿನ ವಿವರ, ಆರೋಗ್ಯದ ದಾಖಲೆ, ಬಯೋಮೆಟ್ರಿಕ್ ಇತ್ಯಾದಿ. ಬರೀ ಹೆಸರು, ಫೋನ್ ನಂಬರ್ ಇದರಲ್ಲಿ ಬರುವುದಿಲ್ಲ. ಅದಕ್ಕೇ ಶಾಲೆಗೆ ಮೊದಲು ಬರೆಯಬೇಕಾದ ಪತ್ರದಲ್ಲಿ, ನಮ್ಮ ಮನೆಯ ಯಾವ ಯಾವ ಮಾಹಿತಿ ಹೋಗಿದೆ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ವರದಿ ಮಾಡಿದ್ದೀರಾ ಎಂದು ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಾವು ವ್ಯಾಪಾರಿ ಸಂಸ್ಥೆಯಲ್ಲ, ಟ್ರಸ್ಟ್, ಈ ಕಲಮು ನಮಗೆ ಅನ್ವಯಿಸುವುದಿಲ್ಲ ಎಂದು ಶಾಲೆ ವಾದಿಸಬಹುದು. ಸಾಫ್ಟ್‌ವೇರ್ ಕಂಪನಿಗೆ ಆ ವಾದ ಸಿಗುವುದಿಲ್ಲ. ಹಾಗಾಗಿ ನಾವು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿದೆವು.

ಇದರಲ್ಲಿ ಅವಸರವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದಿವೆ. ಶಾಲೆಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರುವುದು ಹದಿನೆಂಟು ತಿಂಗಳ ಮೇಲೆ, ಅಂದರೆ 2027ರ ಮೇ ತಿಂಗಳಲ್ಲಿ. ಆಗ ಭದ್ರತೆಯಲ್ಲಿ ಎಡವಿದವರಿಗೆ 250 ಕೋಟಿಯವರೆಗೆ ದಂಡ ಹಾಕಬಹುದು, ಸೋರಿಕೆಯನ್ನು ನಮಗೆ ತಿಳಿಸಲೇಬೇಕು. ಇದೆಲ್ಲ ಒಳ್ಳೆಯದೇ. ಆದರೆ ಆ ದಂಡ ಹೋಗುವುದು ಸರ್ಕಾರದ ಖಜಾನೆಗೆ, ನೊಂದ ಮನೆಗೆ ಒಂದು ಪೈಸೆಯೂ ಇಲ್ಲ. ಅದರ ಜತೆಗೇ 43ಎ ಕಲಮು ರದ್ದಾಗುತ್ತದೆ. ಮಕ್ಕಳ ಮಾಹಿತಿಗೆ ಹೆಚ್ಚು ಕಾವಲು ಕೊಡುವ ಕಾನೂನು, ನಷ್ಟ ಅನುಭವಿಸಿದವರ ಕೈಯಿಂದ ಇದ್ದ ಒಂದು ಹಕ್ಕನ್ನು ಕಸಿದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಪ್ರಕರಣ ಈಗಾಗಲೇ ನಡೆದಿದ್ದರೆ ಅರ್ಜಿಯನ್ನು ಮುಂದೂಡಬೇಡಿ.

ಗ್ರಾಹಕ ಆಯೋಗವೂ ಇದೆ, ಎರಡು ವರ್ಷದೊಳಗೆ ಹೋಗಬೇಕು. ಶಿಕ್ಷಣ ಒಂದು ಸೇವೆಯೋ ಅಲ್ಲವೋ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ, ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ. ಸರ್ಕಾರಿ ಶಾಲೆಯಿಂದ ಸೋರಿದ್ದರೆ ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ತೀರ್ಪನ್ನು ಹಿಡಿದು ಹೈಕೋರ್ಟಿಗೆ ರಿಟ್ ಹಾಕಬಹುದು. ವಿಜಯಪುರದವರಿಗೆ ಕಲಬುರಗಿ ಪೀಠ, ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ. ಆ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದ್ದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ ಆಗಿದ್ದರು.

ಫೋನಿನಲ್ಲಿರುವ ಮೆಸೇಜು, ಕರೆಯ ದಾಖಲೆ, ಲಿಂಕು ಯಾವುದನ್ನೂ ಅಳಿಸಬೇಡಿ. ಬರೀ ಸ್ಕ್ರೀನ್‌ಶಾಟ್ ಸಾಲದು, ಅದು ಯಾವ ಫೋನಿನಿಂದ ಹೇಗೆ ತೆಗೆದದ್ದು ಎಂದು ದೃಢಪಡಿಸುವ, ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನು ಕೋರ್ಟಿನಲ್ಲಿ ಕೇಳುತ್ತಾರೆ. ಫೋನ್ ಮಾರುವ ವಿಚಾರವಿದ್ದರೂ ನಿಲ್ಲಿಸಿ.

ವಕೀಲರ ಫೀ ಕೊಡಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತಿಕೋಟಾದ ಆ ತಾಯಿ ಹೀಗೆಯೇ ವಕೀಲರನ್ನು ಪಡೆದು ಈಗ ನಮ್ಮ ಜತೆ ಅರ್ಜಿದಾರರಾಗಿದ್ದಾರೆ. ಸಭೆಯಲ್ಲಿ ಪತ್ರಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು.