ಇದ್ದಲ್ಲೇ ಮನೆಯೋ, ಊರಾಚೆಯ ಮನೆಯೋ?

ಬೆಂಗಳೂರಿನ ಕೊಳೆಗೇರಿ ನಿವಾಸಿಗಳ ಮುಂದೆ ಪುನರ್ವಸತಿಯ ಪ್ರಸ್ತಾವ ಬಂದಾಗ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಇದ್ದ ಜಾಗದಲ್ಲೇ ಕಟ್ಟುವ ಬಹುಮಹಡಿ ಸಮುಚ್ಚಯ, ಇಲ್ಲವೇ ನಗರದ ಹೊರವಲಯದಲ್ಲೊಂದು ಮನೆ.

ಹೊರವಲಯದಲ್ಲಿ ಭೂಮಿ ಅಗ್ಗವಾದ್ದರಿಂದ ಮನೆ ಕೊಂಚ ವಿಶಾಲವಾಗಿರಬಹುದು. ಕಾಮಗಾರಿ ಮುಗಿಯುವವರೆಗೆ ತಗಡಿನ ಶೆಡ್ಡಿನಲ್ಲಿ ಕಾಯುವ ಕಷ್ಟವೂ ತಪ್ಪಬಹುದು. ಆದರೆ ಬೆಳಿಗ್ಗೆ ಆರಕ್ಕೇ ಮನೆಗೆಲಸಕ್ಕೆ ಹಾಜರಾಗಬೇಕಾದ ಹೆಣ್ಣುಮಗಳು ಎರಡು ಬಸ್ಸು ಬದಲಿಸಿ ಬರಬೇಕೆಂದರೆ ಆ ಕೆಲಸ ಕೈತಪ್ಪಿತೆಂದೇ ಅರ್ಥ. 2013ರಲ್ಲಿ ಈಜಿಪುರದ ವಸತಿಗಳನ್ನು ತೆರವುಗೊಳಿಸಿದಾಗ ಹಲವು ಕುಟುಂಬಗಳು ದೂರದ ಸೂಲಿಕುಂಟೆಗೆ ಹೋಗಬೇಕಾಯಿತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿರುವಾಗ, ದುಡಿಮೆಯಿಂದ ದೂರವಾದ ಸೂರನ್ನು ನ್ಯಾಯವೆಂದು ಒಪ್ಪುವುದು ಕಷ್ಟ.

ಇದ್ದಲ್ಲೇ ಕಟ್ಟಿದರೆ ಕೆಲಸ, ಶಾಲೆ, ನೆರೆಹೊರೆ ಉಳಿಯುತ್ತವೆ. ಆದರೂ ಮೂರನೇ ಮಹಡಿಗೆ ಹೋದವರು ತಳ್ಳುಗಾಡಿಯನ್ನು ಎಲ್ಲಿ ನಿಲ್ಲಿಸಬೇಕು, ನೀರಿನ ಮೋಟಾರು ಕೆಟ್ಟರೆ ದುರಸ್ತಿಯ ಖರ್ಚು ಯಾರದು ಎಂಬುದನ್ನು ಸಹಿ ಹಾಕುವ ಮುನ್ನವೇ ಬರಹದಲ್ಲಿ ಪಡೆಯಬೇಕು. ಹಕ್ಕುಪತ್ರದಲ್ಲಿ ಮನೆಯೊಡತಿಯ ಹೆಸರಿರಲೇಬೇಕೆಂದು ಪಟ್ಟು ಹಿಡಿಯಬೇಕು.

ನನ್ನ ಆಯ್ಕೆ ಇದ್ದಲ್ಲೇ ಮನೆ. ರಾಜಕಾಲುವೆಯ ಅಂಚಿನಲ್ಲಿದ್ದು ಪ್ರತಿ ಮಳೆಗಾಲವೂ ನೀರು ನುಗ್ಗುವ ಬಡಾವಣೆಯಾದರೆ ಮಾತ್ರ ಸ್ಥಳಾಂತರಕ್ಕೆ ಒಪ್ಪಬಹುದು, ಅದೂ ಅದೇ ವಾರ್ಡಿನೊಳಗೆ ಅಥವಾ ಪಕ್ಕದ ವಾರ್ಡಿಗೆ.