ದಂಪತಿಗಳಿಗೆಂದು ನಡೆಸುವ ಮಿಷನರಿ ತರಬೇತಿ: ಹನ್ನೆರಡು ವಾರಗಳ ಅನುಭವದ ವಿಮರ್ಶೆ

ವಿದೇಶದಲ್ಲಿ ಕ್ರೈಸ್ತ ಸೇವೆಗೆ ಹೊರಟ ದಂಪತಿಗಳಿಗಾಗಿ ಬೆಂಗಳೂರಿನ ಹೊರವಲಯದ ಕೇಂದ್ರವೊಂದು ನಡೆಸುವ ಹನ್ನೆರಡು ವಾರಗಳ ವಸತಿ ತರಬೇತಿಯನ್ನು ನಾನೂ ನನ್ನ ಪತಿಯೂ ಇತ್ತೀಚೆಗೆ ಮುಗಿಸಿದೆವು. ನಾನು ಗದಗ-ಬೆಟಗೇರಿಯವಳು, ಎಂಟು ವರ್ಷ ನರ್ಸ್ ಆಗಿ ದುಡಿದವಳು. ಅವರು ಉಡುಪಿಯವರು, ಕೃಷಿ ಡಿಪ್ಲೊಮಾ ಮುಗಿಸಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವರು. ನಮ್ಮನ್ನು ಕರೆದಿರುವುದು ಪಶ್ಚಿಮ ಕೀನ್ಯಾದ ಕಿಸುಮು ಸೀಮೆಯ ಒಂದು ಸಭೆ. ಅಲ್ಲಿ ಅವರಿಗೆ ಶಾಲೆಯ ತೋಟದ ಹೊಣೆ, ನನಗೆ ಸಭೆಯ ಚಿಕ್ಕ ದವಾಖಾನೆಯ ಕೆಲಸ ಎಂದು ಪತ್ರದಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಊಟ, ವಸತಿ, ಪಾಠ ಎಲ್ಲ ಸೇರಿ ಇಬ್ಬರಿಗೆ 78,000 ರೂಪಾಯಿ ಕಟ್ಟಿದೆವು. ಅದರಲ್ಲಿ ಅರ್ಧವನ್ನು ನಮ್ಮ ಊರಿನ ಸಭೆಯವರು ಸುಗ್ಗಿ ಹಬ್ಬದ ಕಾಣಿಕೆಯಿಂದ ಕೊಟ್ಟಿದ್ದರಿಂದ, ಆ ಹಣಕ್ಕೆ ಏನು ಸಿಕ್ಕಿತು ಎಂಬ ಲೆಕ್ಕವನ್ನು ಒಪ್ಪಿಸುವುದು ನನ್ನ ಕರ್ತವ್ಯವೂ ಹೌದು. ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬೇರೆಡೆ ತರಬೇತಿ ಪಡೆದ ಇಬ್ಬರು ಗೆಳತಿಯರೊಡನೆ ಮಾತನಾಡಿದ ಮೇಲೆ, ನಾನು ಮುಂದೆ ಹೇಳಲಿರುವ ದೂರು ಒಂದೇ ಕೇಂದ್ರದ್ದಲ್ಲ ಎಂಬುದು ನನಗೆ ಮನವರಿಕೆಯಾಗಿದೆ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ, ಏಕೆಂದರೆ ಒಳ್ಳೆಯದು ಸಾಕಷ್ಟಿದೆ. ಈ ತರಬೇತಿಯ ನಿಜವಾದ ಬಲ ಸ್ವಾಹಿಲಿ ಭಾಷೆಯ ತರಗತಿ. ಕಲಿಸಿದವರು ಬೆಂಗಳೂರಿನಲ್ಲಿ ಓದುತ್ತಿರುವ ಕೀನ್ಯಾದ ಒಬ್ಬ ತರುಣಿ. ವಾರಕ್ಕೆ ಐದು ದಿನ, ದಿನಕ್ಕೆ ಎರಡು ತಾಸು ಪಾಠ. ಪುಸ್ತಕ ಬಿಚ್ಚುವ ಮೊದಲು ಪ್ರತಿಯೊಬ್ಬರೂ ಬಾಗಿಲ ಹೊರಗೆ ನಿಂತು ‘ಹೋದಿ’ ಎಂದು ಕೂಗಬೇಕು, ಒಳಗಿನಿಂದ ‘ಕರಿಬು’ ಎಂಬ ಉತ್ತರ ಬಂದ ಮೇಲೆಯೇ ಕಾಲಿಡಬೇಕು. ‘ಗಾರಿ’ ಎಂದರೆ ನಮ್ಮ ಗಾಡಿಯೇ, ‘ಚಾಯ್’ ಎಂದರೆ ಚಹಾವೇ, ‘ಚಪಾತಿ’ಗಂತೂ ಹೆಸರೂ ಬದಲಾಗಿಲ್ಲ ಎಂದು ತಿಳಿದಾಗ ಮೊದಲ ವಾರದ ಭಯ ಅರ್ಧ ಇಳಿಯಿತು. 1896ರಿಂದ 1901ರವರೆಗೆ ಮೊಂಬಾಸಾದಿಂದ ಕಿಸುಮುವಿನವರೆಗೆ ರೈಲು ಹಳಿ ಹಾಕಲು ಭಾರತದಿಂದ ಸಾವಿರಾರು ಕೂಲಿಗಳನ್ನು ಕರೆದೊಯ್ದಿದ್ದರು. ಹಳಿಯ ಗುಂಟ ಅಂಗಡಿ ಇಟ್ಟ ವ್ಯಾಪಾರಿಗಳೂ ನಮ್ಮ ಕಡೆಯವರೇ ಆದ್ದರಿಂದ, ಆ ಸೀಮೆಗೆ ಹೋಗುವ ಭಾರತೀಯರಲ್ಲಿ ನಾವು ಮೊದಲಿಗರಂತೂ ಅಲ್ಲ.

ಹಿರಿಯರಿಗೆ ಹೇಳುವ ‘ಶಿಕಮೋ’ ಎಂಬ ವಂದನೆಯ ಮೂಲ ‘ನಿಮ್ಮ ಪಾದ ಹಿಡಿಯುತ್ತೇನೆ’ ಎಂಬುದೆಂದು ಆಕೆ ಹೇಳಿದಾಗ ನಮ್ಮ ತಂಡದಲ್ಲಿ ಎಲ್ಲರೂ ತಲೆಯಾಡಿಸಿದೆವು. ನಮಗೆ ಅದನ್ನು ವಿವರಿಸಬೇಕಾಗಿರಲಿಲ್ಲ. ಆದರೆ ಈ ಮಾತು ಹೆಚ್ಚಾಗಿ ಕೇಳುವುದು ತಾಂಜಾನಿಯಾದಲ್ಲಿ ಮತ್ತು ಕರಾವಳಿಯಲ್ಲಿ, ಕಿಸುಮುವಿನ ಮನೆಮಾತು ಲುವೋ, ಸ್ವಾಹಿಲಿಯಿಂದ ಪೇಟೆಯ ಕೆಲಸ ಆಗುತ್ತದೆಯೇ ಹೊರತು ಅಜ್ಜಿಯರ ಮನಸ್ಸು ತೆರೆಯಬೇಕಾದರೆ ಲುವೋ ಕಲಿಯಲೇಬೇಕು ಎಂದು ಎಚ್ಚರಿಸಿದವರೂ ಅವರೇ. ತಾನು ಕಲಿಸುವ ವಿಷಯದ ಮಿತಿಯನ್ನು ತಾನೇ ಹೇಳುವ ಶಿಕ್ಷಕರು ಅಪರೂಪ.

ಗಡಿಯಾರದ ಪಾಠದಲ್ಲಿ ನಾನು ಎಡವಿದ್ದನ್ನು ಇಲ್ಲಿ ಹೇಳಲೇಬೇಕು. ಸ್ವಾಹಿಲಿಯಲ್ಲಿ ದಿನದ ಲೆಕ್ಕ ಶುರುವಾಗುವುದು ಬೆಳಗಿನ ಆರಕ್ಕೆ. ಆದ್ದರಿಂದ ‘ಸಾ ಮೋಜಾ’, ಅಂದರೆ ಒಂದು ಗಂಟೆ ಎಂದರೆ ನಮ್ಮ ಏಳು, ‘ಸಾ ಮ್ಬಿಲಿ’, ಎರಡು ಗಂಟೆ ಎಂದರೆ ನಮ್ಮ ಎಂಟು. ಶಿಕ್ಷಕಿ ರೋಗಿಯಾಗಿ ನನ್ನೆದುರು ಕುಳಿತರು, ನಾನು ಮಾತ್ರೆಯ ಚೀಟಿ ಬರೆದುಕೊಡಬೇಕಿತ್ತು. ಬೆಳಿಗ್ಗೆ ಸಾ ಮ್ಬಿಲಿ, ರಾತ್ರಿ ಸಾ ಮ್ಬಿಲಿ ಎಂದು ಅವರು ಹೇಳಿದ್ದನ್ನು ಬಾಯಲ್ಲಿ ಸರಿಯಾಗಿಯೇ ಒಪ್ಪಿಸಿದೆ. ಚೀಟಿಯ ಮೇಲೆ ಮಾತ್ರ ಕೈ ತನ್ನಷ್ಟಕ್ಕೆ ‘2’ ಎಂದು ಬರೆಯಿತು. ಅವರು ಚೀಟಿಯನ್ನು ಮಡಚಿ ನನ್ನ ಕೈಗೇ ಹಿಂದಿರುಗಿಸಿ, ‘ಸಿಸ್ಟರ್, ನಿಮ್ಮ ರೋಗಿ ನಡುರಾತ್ರಿ ಎರಡಕ್ಕೆ ಎದ್ದು ಕೂತಿದ್ದಾಳೆ’ ಎಂದರು. ಸುವಾರ್ತೆಯಲ್ಲಿ ಆರನೆಯ ಗಳಿಗೆ ಎಂದರೆ ನಡು ಮಧ್ಯಾಹ್ನ ಎಂದು ಸಂಡೇಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ನನಗೆ, ಆ ಲೆಕ್ಕವನ್ನು ಇಂದಿಗೂ ಬದುಕುತ್ತಿರುವ ಜನ ಇದ್ದಾರೆ ಎಂಬುದು ಆ ಚೀಟಿಯಿಂದಲೇ ಮನಸ್ಸಿಗೆ ಹತ್ತಿದ್ದು.

ಅಡುಗೆಮನೆಯ ಪಾಠವೂ ಇದೇ ದರ್ಜೆಯದು. ಬಿಳಿ ಜೋಳದ, ಅಂದರೆ ಮೆಕ್ಕೆಜೋಳದ, ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ‘ಮ್ವಿಕೊ’ ಎಂಬ ಮರದ ಸೌಟಿನಿಂದ ತಿರುವಿ ಉಗಾಲಿ ಮಾಡುವುದನ್ನು ಶಿಕ್ಷಕಿ ತೋರಿಸುತ್ತಿದ್ದಾಗ, ಕೇಂದ್ರದ ಅಡುಗೆಯ ಅಕ್ಕ, ಮಂಡ್ಯ ಕಡೆಯವರು, ಸ್ವಲ್ಪ ಹೊತ್ತು ನೋಡುತ್ತ ನಿಂತು, ಕೊನೆಗೆ ತಡೆಯಲಾರದೆ ಸೌಟನ್ನು ಕಿತ್ತುಕೊಂಡು ಪಾತ್ರೆಯನ್ನು ಎರಡು ಕಾಲುಗಳ ನಡುವೆ ಒತ್ತಿ ಹಿಡಿದು ಗಂಟಿಲ್ಲದಂತೆ ತೊಳಸಿ ಕೊಟ್ಟರು. ಕೀನ್ಯಾದ ಹುಡುಗಿ ಚಪ್ಪಾಳೆ ತಟ್ಟಿದಳು. ಮುದ್ದೆಯನ್ನು ನುಂಗುವವರು ಉಗಾಲಿಯನ್ನು ಅಗಿಯಬೇಕು, ಬೆರಳಿನಿಂದ ಗುಳಿ ಮಾಡಿ ‘ಸುಕುಮಾ ವಿಕಿ’ ಸೊಪ್ಪಿನ ಪಲ್ಯವನ್ನು ಅದರಲ್ಲಿ ತುಂಬಿಕೊಳ್ಳಬೇಕು ಎಂಬುದಷ್ಟೇ ವ್ಯತ್ಯಾಸ. ರಾಗಿಗೆ ಅವರು ‘ವಿಂಬಿ’ ಎನ್ನುತ್ತಾರೆ, ಅದರ ಅಂಬಲಿಗೆ ‘ಉಜಿ’. ಪೂರ್ವ ಆಫ್ರಿಕದ ಎತ್ತರದ ನಾಡಿನಲ್ಲಿ ಹುಟ್ಟಿ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಧಾನ್ಯ ಅದು. ನಾವು ರಾಗಿಯನ್ನು ನಮ್ಮದೆಂದೇ ತಿಳಿದಿದ್ದೆವು ಎಂದು ಅಕ್ಕನಿಗೆ ಸ್ವಲ್ಪ ಬೇಸರವಾದಂತೆ ಕಂಡಿತು.

ಆರೋಗ್ಯದ ಪಾಠಗಳಲ್ಲಿ ದೋಷ ಹುಡುಕಲು ನರ್ಸ್ ಆದ ನನಗೇ ಆಗಲಿಲ್ಲ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡರೆ ಮಾತ್ರ ಪ್ರಮಾಣಪತ್ರಕ್ಕೆ ಮಾನ್ಯತೆ, 2016ರಿಂದ ಅದು ಜೀವನಪೂರ್ತಿ ಮಾನ್ಯ, ಅದಿಲ್ಲದೆ ಕೀನ್ಯಾದಿಂದ ರಜೆಗೆಂದು ಊರಿಗೆ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲಿಯೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು ಎಂಬ ಮಾಹಿತಿಯನ್ನೆಲ್ಲ ದಿನಾಂಕದ ಪಟ್ಟಿಯ ಸಮೇತ ಕೊಟ್ಟರು. ಕಿಸುಮು ಇರುವುದು ವಿಕ್ಟೋರಿಯಾ ಸರೋವರದ ದಂಡೆಯಲ್ಲಿ, ಮಲೇರಿಯಾ ಬೀಡುಬಿಟ್ಟಿರುವ ಸೀಮೆಯಲ್ಲಿ. ಆದ್ದರಿಂದ ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸುವುದನ್ನು ಕೂಡ ಒಂದು ಸಂಜೆ ಎಲ್ಲರಿಂದ ಮಾಡಿಸಿದರು. ಹಣಕಾಸು, ವಿಮೆ, ಪ್ರಾರ್ಥನಾ ಪತ್ರ ಬರೆಯುವ ಬಗೆ ಇವೆಲ್ಲ ಸಾಧಾರಣ. ಬಡ ಮಕ್ಕಳ ಚಿತ್ರ ಹಾಕಿ ಕಾಣಿಕೆ ಕೇಳಬಾರದು ಎಂಬ ಒಂದು ಮಾತನ್ನು ಮಾತ್ರ ಒತ್ತಿ ಹೇಳಿದ್ದು ಮೆಚ್ಚುಗೆಯಾಯಿತು.

ಇನ್ನು ದೂರಿಗೆ ಬರುತ್ತೇನೆ. ತರಬೇತಿಯ ಪ್ರಕಟಣೆಯಲ್ಲಿ ‘ದಂಪತಿಗಳಿಗಾಗಿ’ ಎಂಬ ಪದವನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿದ್ದಾರೆ. ಆದರೆ ಅರ್ಜಿಯ ನಮೂನೆಯಲ್ಲಿ ಪತಿಯ ಓದು, ಅನುಭವ, ದೇವರ ಕರೆಯ ಸಾಕ್ಷಿ ಇವುಗಳಿಗೆ ಒಂದು ಪೂರ್ತಿ ಪುಟವಿದ್ದರೆ, ನನ್ನ ಪಾಲಿಗೆ ಇದ್ದದ್ದು ‘ಪತ್ನಿಯ ಹೆಸರು’ ಮತ್ತು ‘ವಯಸ್ಸು’ ಎಂಬ ಎರಡು ಸಾಲು. ಆಗ ನಕ್ಕು ಸುಮ್ಮನಾಗಿದ್ದೆ. ವೇಳಾಪಟ್ಟಿಯಲ್ಲಿ ಪುರುಷರಿಗೆ ‘ನಾಯಕತ್ವ’ ಎಂಬ ಪಾಠವಿದ್ದ ಹೊತ್ತಿನಲ್ಲಿ ನಮಗೆ ‘ವಿದೇಶದಲ್ಲಿ ಮನೆವಾರ್ತೆ’ ಇಟ್ಟಿದ್ದರು. ಅದನ್ನೂ ಸಹಿಸಿದೆ, ಏಕೆಂದರೆ ಅಡುಗೆಮನೆಯ ಪಾಠ ನಿಜಕ್ಕೂ ಚೆನ್ನಾಗಿತ್ತು, ಮತ್ತು ಅದು ಪುರುಷರಿಗೆ ತಪ್ಪಿಹೋದದ್ದು ಅವರಿಗೇ ನಷ್ಟ.

ಸಹಿಸಲಾಗದ್ದು ನಡೆದದ್ದು ಒಂಬತ್ತನೆಯ ವಾರದಲ್ಲಿ. ದಾಖಲೆ ವಿಭಾಗದವರು ನಮ್ಮ ಕಡತವನ್ನು ತಂದು ಸಹಿ ಮಾಡಿ ಎಂದರು. ಧರ್ಮಸೇವೆಗೆಂದು ಬರುವವರಿಗೆ ಕೀನ್ಯಾ ಸರ್ಕಾರ ಕೊಡುವ ‘ಐ’ ವರ್ಗದ ಪರವಾನಗಿಗೆ ನನ್ನ ಪತಿಯ ಅರ್ಜಿ ಸಿದ್ಧವಾಗಿತ್ತು. ನನ್ನ ಹೆಸರಿನಲ್ಲಿ ಇದ್ದದ್ದು ಡಿಪೆಂಡೆಂಟ್ ಪಾಸ್‌ನ ಅರ್ಜಿ. ಆ ಪಾಸ್‌ ಹಿಡಿದವರು ಅಲ್ಲಿ ವಾಸವಿರಬಹುದು, ಕೆಲಸ ಮಾಡುವಂತಿಲ್ಲ. ಸಂಬಳವಿಲ್ಲದ ಸೇವೆಯಲ್ಲವೇ, ಯಾರು ಕೇಳುತ್ತಾರೆ ಎಂದು ಅವರು ಸಮಾಧಾನ ಹೇಳಿದರು. ಸೂಜಿ ಹಿಡಿಯುವ ಕೈಗೆ ಕಾನೂನಿನ ಆಧಾರ ಇರಬೇಕು ಎಂಬುದು ನರ್ಸಿಂಗ್ ಓದಿದವರಿಗೆಲ್ಲ ಗೊತ್ತಿರುವ ವಿಷಯ. ಪರವಾನಗಿ ಒಂದೇ ಅಲ್ಲ. ಕೀನ್ಯಾದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸದೆ ಯಾವ ವಿದೇಶಿ ನರ್ಸ್ ಕೂಡ ರೋಗಿಯನ್ನು ಮುಟ್ಟುವಂತಿಲ್ಲ, ಅದಕ್ಕೆ ಇಲ್ಲಿನ ನೋಂದಣಿಯ ದೃಢೀಕರಣ, ಅಂಕಪಟ್ಟಿ, ತರಬೇತಿಯ ವಿವರ ಎಲ್ಲ ಹೋಗಬೇಕು, ಮತ್ತು ಇದು ವಾರದೊಪ್ಪತ್ತಿನಲ್ಲಿ ಮುಗಿಯುವ ಕೆಲಸವಲ್ಲ. ಕರೆದ ಸಭೆಯ ಪತ್ರದಲ್ಲಿ ನನ್ನ ಕೆಲಸದ ಉಲ್ಲೇಖವಿದ್ದರೂ ಎಂಟು ವಾರ ಯಾರೂ ನನ್ನನ್ನು ಒಂದು ಪ್ರಮಾಣಪತ್ರವನ್ನೂ ಕೇಳಿರಲಿಲ್ಲ. ಪತ್ರವನ್ನು ಓದಿದ್ದರು, ನನ್ನ ಪತಿಯ ಪರಿಚ್ಛೇದದವರೆಗೆ ಮಾತ್ರ.

ಆ ರಾತ್ರಿ ನನ್ನ ಪತಿ, ‘ನಾನು ಕೇಳಬೇಕಿತ್ತು, ತಪ್ಪು ನನ್ನದೂ ಇದೆ’ ಎಂದರು. ಅದು ನಿಜವೂ ಆಗಿತ್ತು. ತಮ್ಮ ಅರ್ಜಿಯ ಮೇಲೆ ಮೂರು ಸಲ ಕಣ್ಣಾಡಿಸಿದ್ದ ಅವರು ನನ್ನದನ್ನು ತೆರೆದಿರಲಿಲ್ಲ.

ಇದೇ ಕುರುಡುತನ ಇತಿಹಾಸದ ಪಾಠದಲ್ಲಿಯೂ ಇತ್ತು. ಯೋಹಾನ್ ಲುಡ್ವಿಗ್ ಕ್ರಾಫ್ ಕುರಿತು ಒಂದು ಪೂರ್ತಿ ದಿನದ ಉಪನ್ಯಾಸ ನಡೆಯಿತು, ಮತ್ತು ಅದು ಸೊಗಸಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಮಂಗಳೂರಿಗೆ 1834ರಲ್ಲಿ ಮೊದಲ ಮಿಷನರಿಗಳನ್ನು ಕಳುಹಿಸಿದ, ಮುಂದೆ 1853ರಲ್ಲಿ ಕಿಟೆಲ್ ಅವರನ್ನೂ ಕಳುಹಿಸಿದ ಬಾಸೆಲ್ ಮಿಷನ್ನಿನ ಸೆಮಿನರಿಯಲ್ಲಿಯೇ ಕ್ರಾಫ್ ಕೂಡ ಓದಿದವರು. ಬಳಿಕ ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ಪರವಾಗಿ 1844ರಲ್ಲಿ ಮೊಂಬಾಸಾಕ್ಕೆ ಬಂದರು. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂದರೆ, ಕ್ರಾಫ್ ಅವರ ಸ್ವಾಹಿಲಿ ನಿಘಂಟು 1882ರಲ್ಲಿ, ಅವರು ತೀರಿಹೋದ ಮರುವರ್ಷ, ಬೆಳಕು ಕಂಡಿತು. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನ ನೆರಳಿನಲ್ಲೇ ಬೆಳೆದ ನನಗೆ, ಕನ್ನಡಕ್ಕೂ ಸ್ವಾಹಿಲಿಗೂ ಒಂದೇ ಪಾಠಶಾಲೆಯ ಇಬ್ಬರು ವಿದ್ಯಾರ್ಥಿಗಳು ನಿಘಂಟು ಕಟ್ಟಿದರು ಎಂಬುದು ಹೊಸ ಸಂಗತಿ, ಮತ್ತು ಆ ಒಂದು ದಿನಕ್ಕಾಗಿಯೇ ಶುಲ್ಕದ ಒಂದು ಭಾಗವನ್ನು ನಾನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಆದರೆ ಕ್ರಾಫ್ ಒಬ್ಬರೇ ಬಂದಿರಲಿಲ್ಲ. ಅವರ ಪತ್ನಿ ರೋಸಿನಾ ಮೊಂಬಾಸಾಕ್ಕೆ ಬಂದ ಕೆಲವೇ ತಿಂಗಳಲ್ಲಿ, 1844ರ ಜುಲೈನಲ್ಲಿ, ಹೆರಿಗೆಯಾದ ಕೆಲ ದಿನಗಳಲ್ಲೇ ಜ್ವರದಿಂದ ತೀರಿಕೊಂಡರು, ಹಸುಗೂಸೂ ಉಳಿಯಲಿಲ್ಲ. ಉಪನ್ಯಾಸದಲ್ಲಿ ಅವರಿಗೆ ಸಿಕ್ಕದ್ದು ‘ಪತ್ನಿಯನ್ನು ಕಳೆದುಕೊಂಡರೂ ಧೃತಿಗೆಡದ ಕ್ರಾಫ್’ ಎಂಬ ಅರ್ಧ ವಾಕ್ಯ. ರೋಸಿನಾ ಯಾವ ಭಾಷೆ ಕಲಿಯುತ್ತಿದ್ದರು, ಹೆರಿಗೆಗೆ ಯಾರ ಆಸರೆಯಿತ್ತು ಎಂದು ಕೇಳಿದೆ. ಉಪನ್ಯಾಸಕರು ಸಜ್ಜನರು, ನೋಡಿ ಹೇಳುತ್ತೇನೆ ಎಂದರು. ಹನ್ನೆರಡು ವಾರ ಮುಗಿಯಿತು, ಉತ್ತರ ಬರಲಿಲ್ಲ.

ಹೆಂಗಸರಿಗೆ ನಿಜವಾದ ತರಬೇತಿ ಸಿಕ್ಕಿದ್ದು ವೇಳಾಪಟ್ಟಿಯ ಹೊರಗೆ. ನೇಪಾಳದಲ್ಲಿ ಬಹುಕಾಲ ಸೇವೆ ಮಾಡಿ ನಿವೃತ್ತರಾದ ದಂಪತಿ ಒಂದು ವಾರ ಅತಿಥಿಗಳಾಗಿ ಬಂದಿದ್ದರು. ಅಯ್ಯನವರು ವೇದಿಕೆಯ ಮೇಲೆ ದಾಂಪತ್ಯದ ಬಗ್ಗೆ ಮೂರು ದಿನ ಮಾತನಾಡಿದರು. ಅಮ್ಮನವರಿಗೆ ವೇದಿಕೆಯ ಮೇಲೆ ಪ್ರಾರ್ಥನೆ ಮಾಡುವ ಕೆಲಸ ಮಾತ್ರ ಕೊಟ್ಟಿದ್ದರು. ರಾತ್ರಿ ಪಾತ್ರೆ ತೊಳೆಯುವ ಕಟ್ಟೆಯ ಬಳಿ ನಾವು ನಾಲ್ವರು ಅವರನ್ನು ಸುತ್ತುವರಿದು ಕುಳಿತಾಗ ಅವರು ಹೇಳಿದ್ದು ಇಷ್ಟು: ಮೊದಲ ಆರು ತಿಂಗಳು ಅಳುವುದಕ್ಕೆ ಒಂದು ಜಾಗ ಗೊತ್ತುಮಾಡಿಕೊಳ್ಳಿ, ಮನೆಯ ಬಾಡಿಗೆ ಪತ್ರದಲ್ಲಿ ನಿಮ್ಮ ಹೆಸರೂ ಇರಲಿ, ಊರಿಗೆ ಹಿಂದಿರುಗುವ ವಿಮಾನದ ದುಡ್ಡನ್ನು ನಿಮ್ಮ ಖಾತೆಯಲ್ಲಿ ಬೇರೆಯಾಗಿ ಇಡಿ, ಮತ್ತು ಗಂಡನಿಗಿಂತ ಮೊದಲು ಮಾರುಕಟ್ಟೆಯ ಭಾಷೆ ಕಲಿಯಿರಿ. ನಾನು ಇದನ್ನು ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡೆ. ಈ ತರಬೇತಿಯನ್ನು ನಡೆಸುವವರು ಆ ಅಮ್ಮನವರಿಗೆ ಮೂರು ದಿನ ಕೊಟ್ಟು ಅಯ್ಯನವರಿಂದ ಪ್ರಾರ್ಥನೆ ಮಾಡಿಸಿದ್ದರೆ ನನ್ನ ವಿಮರ್ಶೆಯ ಸ್ವರ ಬೇರೆಯಾಗಿರುತ್ತಿತ್ತು.

ಹಾಗಾದರೆ ಸೇರಬಹುದೇ ಎಂದು ಕೇಳುವವರಿಗೆ: ಭಾಷೆ, ಆರೋಗ್ಯ, ಆಹಾರ ಇವುಗಳಿಗಾಗಿ ಖಂಡಿತ ಸೇರಬಹುದು, ಶುಲ್ಕ ಹೆಚ್ಚೇನಲ್ಲ, ಕೊಠಡಿಗಳು ಶುಚಿಯಾಗಿವೆ, ಬಿಸಿನೀರು ಬೆಳಿಗ್ಗೆ ಏಳರವರೆಗೆ ಮಾತ್ರ. ಪತ್ನಿಗೂ ಸ್ವಂತ ವೃತ್ತಿಯಿದ್ದು ಅದನ್ನು ಅಲ್ಲಿ ಮುಂದುವರಿಸುವ ಉದ್ದೇಶವಿದ್ದರೆ, ಹಣ ಕಟ್ಟುವ ಮೊದಲೇ ಆಕೆಗೆ ಯಾವ ಪರವಾನಗಿಗಾಗಿ ಅರ್ಜಿ ಹಾಕುತ್ತೀರಿ ಎಂದು ಬರಹದಲ್ಲಿ ಕೇಳಿ, ವೃತ್ತಿ ನೋಂದಣಿಯ ಕೆಲಸವನ್ನು ಕೇಂದ್ರಕ್ಕೆ ಬಿಡದೆ ಮೊದಲ ದಿನದಿಂದಲೇ ನೀವೇ ಶುರುಮಾಡಿ. ನಮ್ಮ ವಿಷಯದಲ್ಲಿ, ಪತಿಯ ಪರವಾನಗಿ ಬಂದಿದೆ, ನನ್ನ ನೋಂದಣಿಯ ಕಾಗದಗಳು ಇನ್ನೂ ಪರಿಶೀಲನೆಯಲ್ಲಿವೆ. ಅವರು ಒಬ್ಬರೇ ಮೊದಲು ಹೋಗಲಿ ಎಂದು ಕೇಂದ್ರದವರು ಸಲಹೆ ಕೊಟ್ಟರು. ಅವರು ಒಪ್ಪದೆ ಪ್ರಯಾಣವನ್ನೇ ಮುಂದೂಡಿದರು.

ಬೀಳ್ಕೊಡುಗೆಯ ಆರಾಧನೆಯಲ್ಲಿ ನಮಗೆ ಕೊಟ್ಟ ಪ್ರಮಾಣಪತ್ರ ಒಂದೇ. ಅದರ ಮೇಲೆ ಅವರ ಹೆಸರು, ಅದರ ಪಕ್ಕದಲ್ಲಿ ‘ಮತ್ತು ಶ್ರೀಮತಿ’ ಎಂದಿತ್ತು. ಮರುದಿನ ಬೆಳಿಗ್ಗೆ ಕಚೇರಿಗೆ ಹೋಗಿ ನನ್ನ ಹೆಸರಿನಲ್ಲಿ ಬೇರೆ ಪ್ರತಿ ಬೇಕೆಂದು ಕೇಳಿದೆ. ಗುಮಾಸ್ತರು ತಕರಾರಿಲ್ಲದೆ ಅರ್ಧ ಗಂಟೆಯಲ್ಲಿ ಅಚ್ಚು ಹಾಕಿಸಿ, ಕಾಗುಣಿತ ಸರಿಯಿದೆಯೇ ನೋಡಿಕೊಳ್ಳಿ ಎಂದು ಕೈಗಿತ್ತರು. ಅವರ ಮೇಜಿನ ಮೇಲೆ ಮುಂದಿನ ತಂಡದ ಅರ್ಜಿ ನಮೂನೆಗಳ ಹೊಸ ಕಟ್ಟು ಬಿಚ್ಚದೆ ಇತ್ತು. ಮೇಲಿನ ಹಾಳೆಯಲ್ಲಿ ‘ಪತ್ನಿಯ ಹೆಸರು’, ‘ವಯಸ್ಸು’ ಎಂಬ ಎರಡು ಸಾಲುಗಳು ಹಾಗೆಯೇ ಇದ್ದವು.