ಗೋಡೆಯ ಒಳಗೆ, ಗೋಡೆಯ ಹೊರಗೆ: ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಆಟದ ಊರುಗಳಲ್ಲಿ ವರ್ಷಗಟ್ಟಲೆ ಓಡಾಡಿದವನ ವಿಮರ್ಶೆ

ಒಂದು ಪಾತ್ರವಾಗಿ ಕತೆಯೊಳಗೆ ಅಲೆಯುವ ಆರ್‌ಪಿಜಿ ವಿಡಿಯೋ ಆಟಗಳಲ್ಲಿ ಹೊಸ ಊರಿಗೆ ಕಾಲಿಟ್ಟರೆ ಎಲ್ಲರೂ ಆಯುಧದಂಗಡಿ ಹುಡುಕುತ್ತಾರೆ. ನನಗೆ ಬೇರೆ ಚಟ. ಇವರಿಗೆ ನೀರು ಎಲ್ಲಿಂದ, ಕಾಳು ಎಲ್ಲಿ ಬೆಳೀತಾರೆ, ತಿಪ್ಪೆ ಎಲ್ಲಿದೆ ಅಂತ ಮೊದಲು ನೋಡುತ್ತೇನೆ. ಈ ಪರೀಕ್ಷೆಯಲ್ಲಿ ಒಳ್ಳೊಳ್ಳೆಯ ಆಟಗಳೇ ಫೇಲು. 2011ರ ‘ಸ್ಕೈರಿಮ್’ ನನಗೆ ಈಗಲೂ ಅಚ್ಚುಮೆಚ್ಚು, ಆದರೆ ಅದರ ವೈಟ್‌ರನ್ ಪಟ್ಟಣದ ಗೋಡೆಯಾಚೆ ಇರುವ ಮೂರು ಹೊಲದ ಫಸಲು ಅರಮನೆಯ ಒಂದು ಹೊತ್ತಿನ ಔತಣಕ್ಕೂ ಸಾಲದು. 2015ರ ‘ದಿ ವಿಚರ್ 3’ರ ನೊವಿಗ್ರಾಡ್ ನೋಡಲು ನಿಜವಾದ ಮಹಾನಗರ. ಬಾಗಿಲು ತಟ್ಟುತ್ತಾ ಹೋದರೆ ಮಾತ್ರ ಹೆಚ್ಚಿನವು ಬರೀ ಗೋಡೆಗೆ ಅಂಟಿಸಿದ ಬಾಗಿಲುಗಳು.

ಈ ಚಟಕ್ಕೆ ತಕ್ಕ ಆಟ ಅಂತ ಸಿಕ್ಕಿದ್ದು ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’. 2014ರಲ್ಲಿ ಜನರಿಂದ ಚಂದಾ ಎತ್ತುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ 3 ಲಕ್ಷ ಪೌಂಡ್ ಕೇಳಿ 11 ಲಕ್ಷಕ್ಕೂ ಮಿಕ್ಕಿ ಹಣ ಕೂಡಿಸಿಕೊಂಡ ಪ್ರಾಗ್‌ನ ವಾರ್‌ಹಾರ್ಸ್ ಸ್ಟುಡಿಯೋಸ್, 2018ರ ಫೆಬ್ರುವರಿಯಲ್ಲಿ ಇದನ್ನು ಬಿಡುಗಡೆ ಮಾಡಿತು. ನಾನು ಕೊಂಡಿದ್ದು ಆಮೇಲೆ, ಸೇಲ್‌ನಲ್ಲಿ. ಒಮ್ಮೆ ಸುಮ್ಮನೆ ಆಡಿದೆ, ಇನ್ನೊಮ್ಮೆ ಹೆಚ್ಚು ಕಷ್ಟದ ಹಾರ್ಡ್‌ಕೋರ್ ಮೋಡ್‌ನಲ್ಲಿ ಆಡಿದೆ, ನಡುವೆ ಬಿಟ್ಟು ಮತ್ತೆ ಮತ್ತೆ ಹಿಡಿದೆ; ಈಗ ಎರಡನೇ ಭಾಗದಲ್ಲಿದ್ದೇನೆ. ಕತ್ತಿವರಸೆಯ ಕಷ್ಟಸುಖ ಬೇಕಾದಷ್ಟು ಜನ ಬರೆದಿದ್ದಾರೆ. ಇಲ್ಲಿ ಬರೀ ಊರುಗಳ ಮಾತು.

ಕತೆ ನಡೆಯುವುದು 1403ರ ಬೊಹೀಮಿಯದಲ್ಲಿ, ಅಂದರೆ ಇಂದಿನ ಚೆಕ್ ದೇಶದಲ್ಲಿ. ಡ್ರ್ಯಾಗನ್ ಇಲ್ಲ, ಮಂತ್ರ ಇಲ್ಲ. ಸೆರೆ ಸಿಕ್ಕ ರಾಜ ನಾಲ್ಕನೇ ವೆನ್ಸೆಸ್ಲಾಸ್, ಅವನ ನಾಡನ್ನು ದೋಚುತ್ತಿರುವ ಮಲತಮ್ಮ ಸಿಗಿಸ್ಮಂಡ್, ಇವರಿಬ್ಬರ ನಡುವೆ ಸಿಕ್ಕಿ ನುಜ್ಜುಗುಜ್ಜಾದ ಕಮ್ಮಾರನ ಮಗ ಹೆನ್ರಿ; ನಾವು ಆಡುವುದು ಇವನಾಗಿಯೇ. ನಕ್ಷೆ ಸುಮಾರು 16 ಚದರ ಕಿಲೋಮೀಟರ್ ಅಷ್ಟೇ. ಪ್ರಾಗ್‌ನ ಆಗ್ನೇಯಕ್ಕೆ ಸಾಜಾವಾ ನದಿಯ ದಂಡೆಯಲ್ಲಿ ಇಂದಿಗೂ ಇರುವ ಊರುಗಳನ್ನು, ಅಂತರ ಕುಗ್ಗಿಸಿ ಇದರಲ್ಲಿ ಕೂರಿಸಿದ್ದಾರೆ. ಆಟದ ರಟ್ಟಾಯ್ ಅಂದರೆ ಇಂದಿನ ರಾತಾಯೆ, ಸಸಾವ್ ಅಂದರೆ ಸಾಜಾವಾ, ಸ್ಕಾಲಿಟ್ಸ್ ಅಂದರೆ ಸ್ತ್ರೀಬ್ರ್ನಾ ಸ್ಕಾಲಿತ್ಸೆ.

ನಿಜವಾದ ಊರಿನ ಹೆಸರಿಟ್ಟ ಮಾತ್ರಕ್ಕೆ ಊರು ನಿಜವಾಗುವುದಿಲ್ಲ. ಇಲ್ಲಿ ಊರುಗಳಿಗೆ ಕಾರಣ ಇದೆ. ಸ್ಕಾಲಿಟ್ಸ್ ಇರುವುದು ಬೆಳ್ಳಿ ಗಣಿಗಾಗಿ. ಸಿಗಿಸ್ಮಂಡ್ ಅದನ್ನು ಸುಡುವುದೂ ಅದೇ ಬೆಳ್ಳಿಗಾಗಿ. ಸುಟ್ಟ ಊರಿನ ಜನ ರಟ್ಟಾಯ್‌ಗೆ ಬಂದು ಬೀಳುತ್ತಾರೆ, ರಟ್ಟಾಯ್‌ನವರು ಇವರನ್ನು ಕಂಡು ಗೊಣಗುತ್ತಾರೆ, ಕಾವಲಿಲ್ಲದ ಕಾಡಿನಲ್ಲಿ ದರೋಡೆಕೋರರು ಹೆಚ್ಚುತ್ತಾರೆ, ಖೋಟಾ ನಾಣ್ಯ ಹುಟ್ಟುತ್ತದೆ. ಇಡೀ ಕತೆಯನ್ನು ಈ ಬೆಳ್ಳಿಯ ಜಾಡು ಹಿಡಿದೇ ಬಿಡಿಸಬಹುದು. ಮೊದಲು ನಕ್ಷೆ ಬರೆದು ಆಮೇಲೆ ಖಾಲಿ ಜಾಗಕ್ಕೆಲ್ಲ ಊರು ತುಂಬಿಸಿದ ಆಟಗಳಲ್ಲಿ ಈ ಬಿಗಿ ಇರುವುದಿಲ್ಲ.

ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ರಟ್ಟಾಯ್‌ನಲ್ಲಿ. ಗುಡ್ಡದ ಮೇಲಿನ ಊರು, ಸುತ್ತ ಕೋಟೆ, ಒಂದು ತುದಿಗೆ ಮೇಲಿನ ಅರಮನೆ, ಇನ್ನೊಂದೆಡೆ ಪಿರ್ಕ್‌ಸ್ಟೈನ್ ಎಂಬ ಮತ್ತೊಂದು ಅರಮನೆ. ನಡುವೆ ಇಕ್ಕಟ್ಟಾದ ಬೀದಿಗಳು, ಚೌಕ, ಅದರ ಸುತ್ತ ಅಂಗಡಿಗಳು. ಗೋಡೆಯ ಒಳಗೆ ಜಾಗಕ್ಕೆ ಬರ, ಹಾಗಾಗಿ ಮನೆಗೆ ಮನೆ ಅಂಟಿಕೊಂಡಿದೆ. ಆಟದ ನಿಜವಾದ ಜಾಣತನ ಗೊತ್ತಾಗಬೇಕಾದರೆ ಗೋಡೆಯ ಹೊರಗೆ ಯಾರಿದ್ದಾರೆ ಅಂತ ನೋಡಬೇಕು. ಸ್ನಾನದ ಮನೆ ಹೊರಗೆ, ನದಿಯ ಪಕ್ಕ. ಅದಕ್ಕೆ ನೀರೂ ಬೇಕು, ಊರಿನ ಮರ್ಯಾದಸ್ಥರ ಕಣ್ಣಿಂದ ದೂರವೂ ಇರಬೇಕು. ಮರಣದಂಡನೆ ಕೊಡುವವನ ಮನೆ ಹೊರಗೆ, ಒಂಟಿಯಾಗಿ. ಅವನ ಕೆಲಸ ಎಲ್ಲರಿಗೂ ಬೇಕು, ಅವನ ನೆರೆ ಯಾರಿಗೂ ಬೇಡ. ಗಿರಣಿಯವನು ಹೊರಗೆ, ಚಕ್ರ ತಿರುಗಿಸುವ ಹರಿವಿನ ಬದಿಗೆ. ಊರಿನ ಕಣ್ಗಾವಲಿಗೆ ಸಿಗದ ಈ ಗಿರಣಿಗಳೇ ಆಟದಲ್ಲಿ ಕದ್ದ ಮಾಲು ಕೈ ಬದಲಾಗುವ ಜಾಗಗಳು. ಬೇರೆ ಆಟವಾಗಿದ್ದರೆ ‘ಕಳ್ಳರ ಸಂಘ’ ಅಂತ ನೆಲಮಾಳಿಗೆಯೊಂದನ್ನು ಕಟ್ಟಿ, ಕಪ್ಪು ಮುಸುಕು ಹಾಕಿದವರನ್ನು ನಿಲ್ಲಿಸುತ್ತಿದ್ದರು. ಇಲ್ಲಿ ಹಿಟ್ಟಿನ ಧೂಳು ಮೆತ್ತಿಕೊಂಡ ಪೆಶೆಕ್ ಎಂಬ ಗಿರಣಿಯವನೇ ಸಾಕು.

ಇನ್ನೂ ದೂರ ಹೋದರೆ ಇದ್ದಿಲು ಸುಡುವವರ ಬಿಡಾರಗಳು, ಕಾಡಿನೊಳಗೆ ಒಬ್ಬಳೇ ಇರುವ ನಾಟಿಮದ್ದಿನ ಹೆಂಗಸು. ಯಾರು ಎಲ್ಲಿ ಇದ್ದಾರೆ ಅನ್ನುವುದರಲ್ಲೇ ಯಾರಿಗೆ ಎಷ್ಟು ಮರ್ಯಾದೆ ಅನ್ನುವುದೂ ಇದೆ. ಊರ ಒಳಗಿನ ಕೇರಿ, ಊರ ಹೊರಗಿನ ಕೇರಿ ಅಂತ ಕಂಡು ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಟವೂ ಬಿಡಿಸಿ ಹೇಳುವುದಿಲ್ಲ, ಅದೇ ನನಗೆ ಇಷ್ಟವಾದದ್ದು.

ರಟ್ಟಾಯ್ ಅನ್ನು ಆಟಗಾರನಿಗೆ ಪರಿಚಯ ಮಾಡಿಸುವ ರೀತಿಯಂತೂ ಸೊಗಸು. ಹೆನ್ರಿಯನ್ನು ಕಾವಲಿನ ಕೆಲಸಕ್ಕೆ ಸೇರಿಸಿಕೊಂಡು, ಒಬ್ಬ ಹಳೆಯ ಕಾವಲುಗಾರನ ಜೊತೆ ಸಂಜೆ ಗಸ್ತಿಗೆ ಕಳಿಸುತ್ತಾರೆ. ಬೀದಿ ಬೀದಿ ಅಲೆದು, ಕೊನೆಗೆ ಹೊತ್ತು ಮೀರಿದರೂ ಮುಚ್ಚದ ಹೆಂಡದಂಗಡಿಗೆ ಹೋದರೆ, ಅಲ್ಲಿ ಊರಿನ ಭಾವೀ ಒಡೆಯ ಹ್ಯಾನ್ಸ್ ಕೇಪನ್ ಜೊತೆಗೇ ಜಟಾಪಟಿ. ಆ ಹೊತ್ತಿಗೆ ಯಾವ ಬೀದಿ ಎಲ್ಲಿಗೆ ಸೇರುತ್ತದೆ, ಈ ಊರಲ್ಲಿ ಯಾರ ಮಾತು ನಡೆಯುತ್ತದೆ, ಎರಡೂ ತಲೆಗೆ ಹೋಗಿರುತ್ತವೆ.

ಊರು ಬರೀ ನೋಡುವುದಕ್ಕೆ ಚೆನ್ನಾಗಿದ್ದರೆ ನಾಲ್ಕು ದಿನಕ್ಕೆ ಬೇಸರ ಬರುತ್ತದೆ. ಇಲ್ಲಿ ಅದು ಬರದಿರಲು ಕಾರಣ, ಊರಿನ ಹಂಗು ಬಿಟ್ಟು ಬದುಕಲು ಆಟ ಬಿಡುವುದಿಲ್ಲ. ಆಡಿದಷ್ಟನ್ನು ಬೇಕೆಂದಾಗ ಸೇವ್ ಮಾಡಬೇಕಾದರೆ ‘ಸೇವಿಯರ್ ಶ್ನಾಪ್ಸ್’ ಎಂಬ ಮದ್ಯ ಬೇಕು; ಅದನ್ನು ಕೊಳ್ಳಬೇಕು, ಇಲ್ಲವೇ ಬೆಲಡೋನಾ, ತುರಚಿ ಸೊಪ್ಪು ಆರಿಸಿ ತಂದು ನಾವೇ ಕುದಿಸಬೇಕು. ಬಾಡಿಗೆ ಕೊಟ್ಟ ಹಾಸಿಗೆಯಲ್ಲೋ ನಮ್ಮದೇ ಹಾಸಿಗೆಯಲ್ಲೋ ಮಲಗಿದರೆ ತಾನೇ ಸೇವ್ ಆಗುತ್ತದೆ. ಒಂದು ಹಾಸಿಗೆಗೆ ಇಷ್ಟು ಬೆಲೆ ಬಂದಮೇಲೆ ದೂರದಲ್ಲಿ ಕಾಣುವ ಹೋಟೆಲಿನ ದೀಪಕ್ಕೂ ಬೆಲೆ ಬರುತ್ತದೆ. ಚೀಲದಲ್ಲಿಟ್ಟ ಆಹಾರ ಹಳಸುತ್ತದೆ. ಬಟ್ಟೆಗೆ ಮೆತ್ತಿದ ಕೆಸರು, ರಕ್ತ ತೊಳೆಸದೆ ದೊಡ್ಡವರ ಎದುರು ನಿಂತರೆ ಮಾತಿಗೆ ತೂಕವಿರುವುದಿಲ್ಲ, ಹಾಗಾಗಿ ಸ್ನಾನದ ಮನೆಗೆ ಹೋಗಲೇಬೇಕು. ರಾತ್ರಿ ಬೀದಿಯಲ್ಲಿ ಪಂಜು ಹಿಡಿಯದೆ ಓಡಾಡಿದರೆ ಕಾವಲಿನವರು ತಡೆಯುತ್ತಾರೆ. ಕತ್ತಲಾದರೆ ಅಂಗಡಿ ಮುಚ್ಚಿ ಜನ ಮನೆಗೋ ಹೆಂಡದಂಗಡಿಗೋ ಹೋಗುತ್ತಾರೆ. ನಡುರಾತ್ರಿ ರಕ್ಷಾಕವಚ ಮಾರಲು ಹೋದವನಿಗೆ ಬೀಗ ಕಾದಿರುತ್ತದೆ. ಅಸಹನೆ ಇರುವವರಿಗೆ ಇದೆಲ್ಲ ಕಿರಿಕಿರಿ ಅನ್ನಿಸುತ್ತದೆ, ಒಪ್ಪುತ್ತೇನೆ.

ಊರಿನ ವಿನ್ಯಾಸ ಗಟ್ಟಿಯೋ ಪೊಳ್ಳೋ ಅಂತ ತಿಳಿಯಬೇಕಾದರೆ ಹಾರ್ಡ್‌ಕೋರ್ ಮೋಡ್ ಆಡಿ. ಅದರಲ್ಲಿ ಊರಿಂದೂರಿಗೆ ಥಟ್ಟನೆ ಹಾರಿಸುವ ಫಾಸ್ಟ್ ಟ್ರಾವೆಲ್ ಇಲ್ಲ, ನಕ್ಷೆಯಲ್ಲಿ ನಾವೆಲ್ಲಿದ್ದೇವೆ ಅನ್ನುವ ಗುರುತೂ ಇಲ್ಲ. ಕೈಯಲ್ಲಿ ಹಳೆಯ ಹಸ್ತಪ್ರತಿಯ ಚಿತ್ರದಂಥ ಚಂದದ ನಕ್ಷೆ ಮಾತ್ರ. ಆಗ ಗೋಪುರ ನೋಡಬೇಕು, ನದಿ ಯಾವ ಕೈಗಿದೆ ನೋಡಬೇಕು, ಅಡ್ಡದಾರಿಯ ಶಿಲುಬೆಯನ್ನು ನೆನಪಿಡಬೇಕು. ನನಗೆ ರಟ್ಟಾಯ್, ಲೆಡೆಚ್ಕೊ, ಟಾಲ್ಮ್‌ಬರ್ಗ್ ನಡುವಿನ ದಾರಿಗಳು ಬಾಯಿಪಾಠವಾದದ್ದು ಹೀಗೆ. ಬಾಣದ ಗುರುತು ಹಿಡಿದು ಓಡುವ ಆಟಗಳಲ್ಲಿ ನೂರು ಗಂಟೆ ಕಳೆದರೂ ಒಂದು ಬೀದಿ ನೆನಪುಳಿಯುವುದಿಲ್ಲ.

ಸಸಾವ್‌ನ ಮಠದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಆಟಗಳಲ್ಲಿ ಕಟ್ಟಡಗಳು ಎರಡೇ ಬಗೆ: ಪೂರ್ತಿಯಾದವು, ಪಾಳುಬಿದ್ದವು. ಇಲ್ಲಿ ಮಠದ ಚರ್ಚು ಅರ್ಧಕ್ಕೆ ನಿಂತಿದೆ, ಸುತ್ತ ಸಾರುವೆ ಕಟ್ಟಿದ್ದಾರೆ, ಕಲ್ಲು ಮೇಲೆತ್ತುವ ಮರದ ಯಂತ್ರವಿದೆ. ಚರಿತ್ರೆಯಲ್ಲಿ ಆ ಗಾಥಿಕ್ ಚರ್ಚು ಮುಗಿಯಲೇ ಇಲ್ಲ, ಆಮೇಲೆ ಬಂದ, ಹುಸ್ ಎಂಬ ಧರ್ಮಸುಧಾರಕನ ಪಂಥದವರ ಯುದ್ಧಗಳಲ್ಲಿ ಕೆಲಸ ನಿಂತುಹೋಯಿತು. ಅಪೂರ್ಣ ಕಮಾನುಗಳು ಇಂದಿಗೂ ಅಲ್ಲಿವೆ. ಇದು ಗೊತ್ತಿದ್ದು ಆ ಸಾರುವೆಯ ಮೇಲೆ ಹತ್ತಿ ನಿಂತರೆ ಅನುಭವವೇ ಬೇರೆ. ಒಂದು ಕ್ವೆಸ್ಟ್‌ನಲ್ಲಿ, ಅಂದರೆ ಆಟ ಒಪ್ಪಿಸುವ ಕೆಲಸದಲ್ಲಿ, ಹೆನ್ರಿ ಹೊಸ ಸನ್ಯಾಸಿಯ ವೇಷದಲ್ಲಿ ಮಠದ ಒಳಗೇ ಇರಬೇಕು. ಗಂಟೆಗೆ ಸರಿಯಾಗಿ ಪ್ರಾರ್ಥನೆ, ಊಟ, ಕೆಲಸ. ನಿಧಾನ ಅಂತ ಬೈದವರೇ ಹೆಚ್ಚು, ನನಗಂತೂ ಇಡೀ ಆಟದ ಅತ್ಯುತ್ತಮ ಭಾಗ.

ಡಿಎಲ್‌ಸಿಗಳಲ್ಲಿ, ಅಂದರೆ ಆಮೇಲೆ ಬಂದ ಹೆಚ್ಚುವರಿ ಕಂತುಗಳಲ್ಲಿ, ಎರಡು ಮಾತ್ರ ಊರಿನ ವಿಷಯಕ್ಕೆ ಸಂಬಂಧಪಟ್ಟವು. 2018ರ ‘ಫ್ರಮ್ ದಿ ಆಶಸ್’ನಲ್ಲಿ ಪಾಳುಬಿದ್ದ ಪ್ರಿಬಿಸ್ಲಾವಿಟ್ಸ್ ಅನ್ನು ಮತ್ತೆ ಕಟ್ಟುವ ಪಾರುಪತ್ಯ ಹೆನ್ರಿಯ ಹೆಗಲಿಗೆ ಬೀಳುತ್ತದೆ. ಮರ, ಕಲ್ಲು ಎಲ್ಲಿಂದ ತರಿಸುವುದು, ಯಾರನ್ನು ಕರೆತಂದು ನೆಲೆಗೊಳಿಸುವುದು, ಯಾವ ಕಟ್ಟಡ ಮೊದಲು ಅಂತ ತೀರ್ಮಾನಿಸಬೇಕು. ಊರವರ ಜಗಳಕ್ಕೆ ಪಂಚಾಯಿತಿಯನ್ನೂ ಮಾಡಬೇಕು. ದುಡ್ಡು ನೀರಿನ ಹಾಗೆ ಹೋಗುತ್ತದೆ, ಆದಾಯ ಶುರುವಾಗುವ ತನಕ ಕಾಡಿನಲ್ಲಿ ದರೋಡೆಕೋರರನ್ನು ದೋಚಿಯೇ ಮೇಸ್ತ್ರಿಗಳಿಗೆ ಬಟವಾಡೆ. ಕೊರತೆ ಏನೆಂದರೆ ಕಟ್ಟಡ ಯಾವುದು ಅನ್ನುವುದಷ್ಟೇ ನಮ್ಮ ಆಯ್ಕೆ. ಎಲ್ಲಿ ಅನ್ನುವುದು ಮೊದಲೇ ನಿಗದಿ. ಊರು ಚೆನ್ನಾಗಿಯೇ ಬರುತ್ತದೆ, ನನ್ನದು ಅನ್ನಿಸುವುದಿಲ್ಲ.

2019ರ ‘ಎ ವುಮನ್ಸ್ ಲಾಟ್’ ನನಗೆ ಹೆಚ್ಚು ನಾಟಿತು. ಇದರಲ್ಲಿ ಸ್ಕಾಲಿಟ್ಸ್‌ನ ಗಿರಣಿಯವನ ಮಗಳು ತೆರೇಸಾ ಆಗಿ, ಊರು ಸುಡುವ ಮುನ್ನಾದಿನಗಳಿಂದ ಆಡುತ್ತೇವೆ. ಮುಖ್ಯ ಕತೆಯ ಮೊದಲಲ್ಲಿ ಹೆನ್ರಿ ಈ ಊರಲ್ಲಿ ಗೆಳೆಯರೊಂದಿಗೆ ಪೋಲಿ ಅಲೆಯುವವನು. ತೆರೇಸಾಳ ಬೆಳಗು ಶುರುವಾಗುವುದೇ ಮನೆಗೆಲಸದಿಂದ, ಜೊತೆಗೊಂದು ನಾಯಿ. ಅದೇ ಬೀದಿ, ಅದೇ ಇಳಿಜಾರು, ಆದರೆ ಅವಳ ದಾರಿಗಳು ಬೇರೆ. ಒಂದೇ ಊರಿಗೆ ಎರಡು ಜೋಡಿ ಕಣ್ಣು ಕೊಟ್ಟ ಆಟ ನಾನು ಬೇರೆ ಆಡಿಲ್ಲ.

ಈಗ ತಕರಾರು. ಬಿಡುಗಡೆಯ ಹೊತ್ತಿನಲ್ಲಿ ಆಟದ ತುಂಬ ದೋಷಗಳಿದ್ದವು ಅಂತ ಆಗಿನ ವಿಮರ್ಶೆಗಳೆಲ್ಲ ಬರೆದವು. ಈಗಿನ ಆವೃತ್ತಿಯಲ್ಲಿ ಬಹಳಷ್ಟು ಸರಿಹೋಗಿದೆ. ಸರಿಹೋಗದ್ದು ಮುಖಗಳು. ಎರಡು ಊರು ದಾಟುವಷ್ಟರಲ್ಲಿ ಅದೇ ಮೂಗು, ಅದೇ ಗಡ್ಡ, ಅದೇ ನಮಸ್ಕಾರದ ಮಾತು. ಇನ್ನೊಂದನ್ನು ನಾನು ಗಮನಿಸಿಯೇ ಇರಲಿಲ್ಲ. ಅಕ್ಕನ ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದವನು, “ಮಾಮ, ಈ ಊರಲ್ಲಿ ಮಕ್ಕಳೇ ಇಲ್ವಾ?” ಅಂದ. ಇಲ್ಲ! ಮೊದಲ ಭಾಗದ ಇಡೀ ನಕ್ಷೆಯಲ್ಲಿ ಒಂದು ಮಗುವೂ ಇಲ್ಲ. ಪ್ರತಿ ಹೆಂಗಸೂ ಬಟ್ಟೆ ಒಗೆಯುತ್ತಾಳೆ, ಕೋಳಿಗೆ ಕಾಳು ಹಾಕುತ್ತಾಳೆ, ಯಾರ ಸೊಂಟದ ಮೇಲೂ ಕೂಸಿಲ್ಲ. ಯಾರ ಮೇಲೆ ಬೇಕಾದರೂ ಕತ್ತಿ ಎತ್ತಬಹುದಾದ ಆಟದಲ್ಲಿ ಮಕ್ಕಳನ್ನು ಇಡುವುದು ತೊಡಕಿನ ವಿಷಯ ಅಂತ ಅರ್ಥವಾಗುತ್ತದೆ, ಆದರೂ ಆ ಪ್ರಶ್ನೆ ಕೇಳಿದ ಮೇಲೆ ರಟ್ಟಾಯ್‌ನ ಚೌಕ ನನಗೆ ಮೊದಲಿನ ಹಾಗೆ ಕಾಣುತ್ತಿಲ್ಲ.

ಎರಡನೇ ಭಾಗ ಬಂದದ್ದು 2025ರ ಫೆಬ್ರುವರಿ 4ರಂದು. ಮೊದಲ ದಿನವೇ ಹತ್ತು ಲಕ್ಷ ಪ್ರತಿ ಹೋಯಿತು. ಅದರ ಮೊದಲ ಪ್ರದೇಶದಲ್ಲಿ ಟ್ರೋಸ್ಕಿ ಕೋಟೆ ಎರಡು ಬಂಡೆಗಳ ನೆತ್ತಿಯ ಮೇಲೆ ಎರಡು ಗೋಪುರ ಇಟ್ಟುಕೊಂಡು ನಿಂತಿದೆ, ಎಲ್ಲಿ ದಾರಿ ತಪ್ಪಿದರೂ ತಲೆ ಎತ್ತಿದರೆ ಸಾಕು. ಎರಡನೇ ಪ್ರದೇಶದಲ್ಲಿ ಕುಟ್ಟೆನ್‌ಬರ್ಗ್, ಅಂದರೆ ಇಂದಿನ ಕುತ್ನಾ ಹೋರಾ: ಪ್ರಾಗ್ ಗ್ರೋಶೆನ್ ನಾಣ್ಯ ಅಚ್ಚಾಗುತ್ತಿದ್ದ ಟಂಕಸಾಲೆಯ ನಗರ. 1388ರಲ್ಲಿ ಶುರುವಾದ ಸಂತ ಬಾರ್ಬರಾ ಚರ್ಚು ಕತೆಯ ಹೊತ್ತಿಗಿನ್ನೂ ಕಟ್ಟುತ್ತಲೇ ಇದ್ದ ಕೆಲಸ. ರಟ್ಟಾಯ್‌ನಲ್ಲಿ ಎಲ್ಲರೂ ಗುರುತಿನವರು, ಇಲ್ಲಿ ಗುಂಪಿನಲ್ಲಿ ಒಬ್ಬ. ಮೊದಲ ಭಾಗದುದ್ದಕ್ಕೂ ಮಾತಿನಲ್ಲಷ್ಟೇ ಕೇಳಿದ ಬೆಳ್ಳಿಯ ದುಡ್ಡು ಎಲ್ಲಿ ಹೋಗಿ ಸೇರುತ್ತದೆ ಅನ್ನುವುದು ಈ ನಗರದ ಮನೆಗಳ ಎತ್ತರ ನೋಡಿದರೆ ತಿಳಿಯುತ್ತದೆ. ಅದಕ್ಕೇ, ಗ್ರಾಫಿಕ್ಸ್ ಚೆನ್ನಾಗಿದೆ ಅಂತ ನೇರವಾಗಿ ಎರಡನೇ ಭಾಗ ಕೊಳ್ಳುವವರಿಗೆ ನನ್ನ ಸಲಹೆ: ಮೊದಲನೆಯದನ್ನು ಎಲ್ಲ ಡಿಎಲ್‌ಸಿ ಸೇರಿದ ರಾಯಲ್ ಎಡಿಷನ್‌ನಲ್ಲೇ ತಗೊಳ್ಳಿ. ಓದು ಬರಹ ಕಲಿಸುವ ಉಝಿಟ್ಸ್‌ನ ಲಿಪಿಕಾರನ ಕ್ವೆಸ್ಟ್ ಬೇಗ ಮುಗಿಸಿ, ಅಲ್ಲಿಯವರೆಗೆ ಪುಸ್ತಕದ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿಯೇ ಕಾಣುತ್ತವೆ. ಕಂಪ್ಯೂಟರಿನಲ್ಲಿ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇಲ್ಲದಿದ್ದರೆ ಹಾಕಿಸಿಕೊಳ್ಳಿ. ವಾರಕ್ಕೆ ಅರ್ಧ ಗಂಟೆ ಮಾತ್ರ ಬಿಡುವಿರುವವರು ಇದರ ಗೋಜಿಗೆ ಹೋಗಬೇಡಿ. ಆ ಅರ್ಧ ಗಂಟೆ ಹೆನ್ರಿಗೆ ಊಟ ಮಾಡಿಸಿ, ಬಟ್ಟೆ ತೊಳೆಸಿ, ಮಲಗಿಸುವುದಕ್ಕೇ ಆಗಿಹೋಗುತ್ತದೆ.